ಅಲುಗಾಡದ ಫೋಟೋ

ಪ್ರವಾಸ ಹೊರಟ ಮ್ಯಾನೇಜರಮ್ಮ ತಮ್ಮ ಕರಿ ಬೆಕ್ಕನ್ನು ಒಪ್ಪಿಸಿದಾಗ, ಬೇಡ ಅನ್ನಲು ಕ್ಯಾಷಿಯರನಿಗೆ ಬಾಯಿ ಬರಲಿಲ್ಲ. ಅವನ ಬಡ್ತಿ ಅವರ ಸಹಿಗೆ ಕಾಯುತ್ತಿತ್ತು. ಹಾಲಿನವನಿಗೆ ಬಾಗಿಲು ತೆಗೆದದ್ದೇ ತಡ, ಬೆಕ್ಕು ಪರಾರಿ!

ಸಂಜೆ ಮ್ಯಾನೇಜರಮ್ಮನ ಫೋನ್. "ನನ್ನ ಬಂಗಾರ ಹೇಗಿದೆ? ಒಂದು ಫೋಟೋ ಕಳಿಸ್ರೀ."

"ಈಗ್ಲೇ ಕಳಿಸ್ತೀನಿ ಮೇಡಂ" ಎಂದು ಕ್ಯಾಷಿಯರ್ ಹೊರಗೆ ಓಡಿದ. ಇಡೀ ಕಟ್ಟಡ ಜಾಲಾಡುತ್ತಿದ್ದಾಗ ಕೆಳಮನೆಯ ಟೈಲರಮ್ಮ ಕೂಗಿದರು. "ಮೆಟ್ಟಿಲ ಕೆಳಗೆ ಕೂತಿದೆ ನೋಡಪ್ಪಾ!"

ಎತ್ತಿಕೊಳ್ಳಲು ಹೋದರೆ ಬೆಕ್ಕು ಬುಸ್ಸೆಂದಿತು. ಸದ್ಯ, ಫೋಟೋ ಆದರೂ ಸಾಕು. ಆದರೆ ಅಲ್ಲಿ ಮಬ್ಬುಗತ್ತಲು. ಫ್ಲ್ಯಾಶ್ ಹಾಕಿದರೆ ಮತ್ತೆ ಓಡೀತು. ಮೊದಲ ಫೋಟೋದಲ್ಲಿ ಮಸಿಬಟ್ಟೆ ಕಂಡಿತು. ಎರಡನೆಯದರಲ್ಲಿ ಬೆಕ್ಕಿಗೆ ಎರಡು ತಲೆ.

"ಅದೇನು ಕೈಯೋ, ನನ್ನ ಹೊಲಿಗೆ ಮಿಷನ್ನೋ?" ಅಂದರು ಟೈಲರಮ್ಮ.

ಗದ್ದಲ ಕೇಳಿ ಎದುರುಮನೆಯ ನಿವೃತ್ತ ವಿಜ್ಞಾನ ಮೇಷ್ಟ್ರು ಬಂದರು. "ಬೆಳಕು ಕಮ್ಮಿ ಇದ್ರೆ ಕ್ಯಾಮೆರಾ ಜಾಸ್ತಿ ಹೊತ್ತು ಕಣ್ಣು ಬಿಟ್ಕೊಂಡಿರತ್ತೆ ಕಣಯ್ಯಾ. ಅಷ್ಟೊತ್ತೂ ನೀನು ಅಲುಗಾಡಬಾರದು. ಗೋಡೆಗೆ ಒರಗು. ಮೊಣಕೈ ಪಕ್ಕೆಗೆ ಒತ್ಕೋ. ಉಸಿರು ಬಿಡು, ಮೆಲ್ಲಗೆ ಒತ್ತು."

ಒರಗಿದ, ಗೋಡೆಯ ಸುಣ್ಣವೆಲ್ಲ ಅಂಗಿಗೆ ಬಂತು. ಉಸಿರು ಬಿಟ್ಟವನು ಮತ್ತೆ ಎಳೆದುಕೊಳ್ಳಲೇ ಇಲ್ಲ. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು.

"ಉಸಿರು ಬಿಡು ಅಂದೆ, ಪ್ರಾಣ ಬಿಡು ಅನ್ನಲಿಲ್ಲ!" ಮೇಷ್ಟ್ರು ಗದರಿದರು.

ಕಡೆಗೂ ಒಂದು ಫೋಟೋ ಸ್ಫಟಿಕದಂತೆ ಬಂತು. ಮೀಸೆಯ ಒಂದೊಂದು ಎಳೆಯನ್ನೂ ಎಣಿಸುವ ಹಾಗಿತ್ತು. ಅದನ್ನು ಕಳಿಸಿ, ಬದುಕಿದೆಯಾ ಬಡಜೀವವೇ ಎಂದು ಅವನು ಬೀದಿಗೆ ಬಂದು ಗಾಳಿಗೆ ನಿಂತ.

ಫೋನ್ ಬಂತು. "ಫೋಟೋ ತುಂಬಾ ಚೆನ್ನಾಗಿದೆ ಕಣ್ರೀ. ಹೊಟ್ಟೆ ಹತ್ರ ನಾಲ್ಕು ಮರಿ ಹಾಲು ಕುಡೀತಿರೋದೂ ಕಾಣ್ತಿದೆ. ನಮ್ಮದು ಗಂಡು ಬೆಕ್ಕು."

"ಅಯ್ಯೋ, ಮೇಡಂ!" ಅಂದ ಕ್ಯಾಷಿಯರ್.

"ಗಾಬರಿಯಾಗ್ಬೇಡಿ. ಅದು ನಮ್ಮನೆ ಬಾಗಿಲಿಗೇ ವಾಪಸ್ ಹೋಗಿ ಕೂತಿದೆಯಂತೆ. ಪಕ್ಕದ ಮನೆಯವರು ಈಗಷ್ಟೇ ಹೇಳಿದ್ರು. ಹೋಗಿ ಕರ್ಕೊಂಡು ಬನ್ನಿ. ಸಹಿ ವಿಷಯ ಬಂದ್ಮೇಲೆ ನೋಡೋಣ."

ಕಳೆದುಹೋದ ಜೀವ ಮರಳಿ ಬಂದಂತಾಯಿತು. ಬಡ್ತಿ ಹಾಳಾಗಲಿ, ಬೆಕ್ಕು ಸಿಕ್ಕಿತಲ್ಲ! ಮನೆ ಬೀಗ ಹಾಕಿ ಹೊರಡೋಣವೆಂದು ಮೆಟ್ಟಿಲು ಹತ್ತಿದ. ಬಾಗಿಲಲ್ಲಿ ಟೈಲರಮ್ಮ, ಮೇಷ್ಟ್ರು ಇಬ್ಬರೂ ಬೀಗುತ್ತಾ ನಿಂತಿದ್ದರು.

"ದೊಡ್ಡವರ ಮನೆ ಬೆಕ್ಕು, ಬಾಣಂತಿ ಬೇರೆ. ಅಲ್ಲಿ ಥಂಡೀಲಿ ಯಾಕಪ್ಪಾ?" ಅಂದರು ಟೈಲರಮ್ಮ. "ತಾಯಿ, ಮಕ್ಕಳು ಎಲ್ಲರನ್ನೂ ನಿನ್ನ ಹಾಸಿಗೆ ಮೇಲೇ ಮಲಗಿಸಿದ್ದೀವಿ!"