ಅಳಿಲಪ್ಪ ಗೆದ್ದ ಗರಗಸ

ಎಲ್ಲಕ್ಕೂ ಕಾರಣ ಹೆಲ್ಮೆಟ್ಟಿನ ಮೇಲಿನ ಒಂದು ಗೀರು. ಬೆರಳುದ್ದ ಇತ್ತು, ಉಗುರು ಇಳಿಯುವಷ್ಟು ಆಳ. ಹಿಂದಿನ ದಿನ ಒಣಕೊಂಬೆಯೊಂದನ್ನು ಕೊಯ್ಯುತ್ತಿದ್ದಾಗ ನಗರಸಭೆಯ ಹಳೆಯ ಯಂತ್ರಗರಗಸ ಇದ್ದಕ್ಕಿದ್ದಂತೆ ಹಿಂದಕ್ಕೆ ಒದ್ದು, ಅಳಿಲಪ್ಪನ ತಲೆಯ ಮೇಲೆ ತನ್ನ ರುಜು ಹಾಕಿತ್ತು.

ಅಳಿಲಪ್ಪ ಅನ್ನುವುದು ಅವನ ಹೆತ್ತವರು ಇಟ್ಟ ಹೆಸರಲ್ಲ. ಇಪ್ಪತ್ತೆರಡು ವರ್ಷ ಮರ ಹತ್ತಿ ಸಂಪಾದಿಸಿದ್ದು. ಮರದ ಮೇಲೆ ಅವನಷ್ಟು ಚುರುಕಿನ ಮನುಷ್ಯ ಇಡೀ ಊರಿನಲ್ಲಿರಲಿಲ್ಲ. ನೆಲಕ್ಕಿಳಿದರೆ ಮಾತ್ರ ಯಾರು ಏನು ಹೇಳಿದರೂ ತಲೆಯಾಡಿಸುವ ಸಾಧು ಪ್ರಾಣಿ.

ಬೆಳಿಗ್ಗೆ ಹೆಂಡತಿ ಆ ಗೀರಿನೊಳಗೆ ಬೆರಳಾಡಿಸಿ ನೋಡಿದಳು.

"ಇನ್ನೊಂದು ಗೀರು ಬೀಳ್ಲಿ, ಆಮೇಲೆ ನೀವು ಆ ಕೆಲಸಕ್ಕೆ ಹೋಗೋ ಹಾಗಿಲ್ಲ. ನಾನೇ ಬಂದು ನಿಮ್ಮ ಮೇಡಂ ಹತ್ರ ಮಾತಾಡ್ತೀನಿ."

ಅಳಿಲಪ್ಪನಿಗೆ ಗರಗಸದ ಭಯ ಒಂದು ಪಾಲಾದರೆ, ಹೆಂಡತಿ ಮೇಡಂ ಹತ್ತಿರ ಮಾತಾಡುವ ಭಯ ಮೂರು ಪಾಲು. ಅದಕ್ಕಿಂತ ಹೆಚ್ಚಾಗಿ, ಮರ ಬಿಟ್ಟು ತಾನು ಬದುಕುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಅಂದೇ ಕಚೇರಿಗೆ ಹೋಗಿ, ಜೀವಮಾನದಲ್ಲಿ ಮೊದಲ ಸಲ ಬಾಯಿಬಿಟ್ಟು ಹೊಸ ಗರಗಸ ಬೇಕೆಂದು ಕೇಳಿದ.

ಮೇಡಂ ಒಳ್ಳೆಯವರು. ಹೆಲ್ಮೆಟ್ ನೋಡಿದವರೇ ಒಪ್ಪಿಬಿಟ್ಟರು. "ಮೂರು ಕಂಪನಿಯವರು ಪರೀಕ್ಷೆಗೆ ಅಂತ ಒಂದೊಂದು ಕೊಟ್ಟು ಹೋಗಿದ್ದಾರೆ. ಹಿಡಿಯೋರು ನೀವು. ನೀವೇ ಪರೀಕ್ಷೆ ಮಾಡಿ. ನೀವು ಯಾವುದನ್ನ ಹೇಳ್ತೀರೋ ಅದೇ ಬರುತ್ತೆ. ಆದ್ರೆ ಒಂದು ಮಾತು, ಬಂದಿದ್ದನ್ನ ಹತ್ತು ವರ್ಷ ಬದಲಾಯಿಸೋ ಹಾಗಿಲ್ಲ."

ಹತ್ತು ವರ್ಷ ಕಳೆದರೆ ಅಳಿಲಪ್ಪನ ನಿವೃತ್ತಿ. ಅಂದರೆ ಇಂದು ಆರಿಸಿದ ಗರಗಸದ ಜೊತೆಗೇ ಅವನು ಕೊನೆತನಕ ಬಾಳುವೆ ಮಾಡಬೇಕು. ಹೆಣ್ಣು ನೋಡಲು ಹೋದಾಗಲೂ ಅವನ ಕೈ ಇಷ್ಟು ಬೆವರಿರಲಿಲ್ಲ.

ಗುಮಾಸ್ತರು ಒಂದು ಫಾರ್ಮು ತಂದು ಕೊಟ್ಟರು. ಆ ಕಚೇರಿಯಲ್ಲಿ ಕುರ್ಚಿಯಿಂದ ಹಿಡಿದು ಕಸದ ಬುಟ್ಟಿಯವರೆಗೆ ಎಲ್ಲವೂ ಅದೇ ಫಾರ್ಮಿನ ದಾರಿಯಲ್ಲೇ ಒಳಗೆ ಬಂದಿದ್ದವು. ಮೂರು ಖಾಲಿ ಅಂಕಣ, ಒಂದೊಂದಕ್ಕೆ ಹತ್ತು ಅಂಕ.

"ಏನೇನು ನೋಡ್ಬೇಕು ಅಂತಿದೀರೋ ಮೇಲೆ ಬರೀರಿ, ಕೆಳಗೆ ಅಂಕ ಹಾಕಿ. ಉಳಿದಿದ್ದನ್ನ ಫಾರ್ಮು ನೋಡ್ಕೊಳ್ಳುತ್ತೆ," ಎಂದು ಹೇಳಿ ಗುಮಾಸ್ತರು ಒಳಗೆ ಹೋಗಿ ಕಿಟಕಿ ಬಾಗಿಲು ಹಾಕಿಕೊಂಡರು. ಅವರಿಗೆ ಸದ್ದೆಂದರೆ ಆಗುತ್ತಿರಲಿಲ್ಲ.

ಅಳಿಲಪ್ಪ ಬಹಳ ಯೋಚಿಸಿ ಮೂರು ಪದ ಬರೆದ. ಶಕ್ತಿ. ಹಿಡಿತ. ಒದೆತ.

ಹಿತ್ತಲಿನಲ್ಲಿ ದಿಮ್ಮಿ ಉರುಳಿಸಿ ಇಡುವಷ್ಟರಲ್ಲಿ ಇಡೀ ಸಿಬ್ಬಂದಿ ನೆರೆದಿತ್ತು. ಎಲ್ಲರಿಗಿಂತ ಮುಂದೆ ಲಾರಿಯ ಡ್ರೈವರ್. ಲಾರಿ ಬಿಟ್ಟು ಉಳಿದೆಲ್ಲದರ ಬಗ್ಗೆಯೂ ಅವನಿಗೆ ಖಚಿತ ಅಭಿಪ್ರಾಯಗಳಿದ್ದವು. ಗರಗಸಗಳಿಗೆ ಹೆಸರಿಟ್ಟವನೂ ಅವನೇ. ದೊಡ್ಡದು ಗೂಳಿ, ನಡುವಿನದು ಕುದುರೆ, ಚಿಕ್ಕದು ಹಸು.

"ಕಣ್ಣು ಮುಚ್ಕೊಂಡು ಗೂಳಿ ತಗೋ," ಎಂದ ಡ್ರೈವರ್. "ಆ ಹಸು ಹಿಡ್ಕೊಂಡು ಮರ ಹತ್ತಿದ್ರೆ ನೋಡಿದವರು ನಗ್ತಾರೆ."

ಅಳಿಲಪ್ಪ ಹಸುವಿನಿಂದಲೇ ಶುರುಮಾಡಿದ. ಹಗ್ಗ ಎಳೆದ. ಹಸು ಉಸಿರೆತ್ತಲಿಲ್ಲ. ಹನ್ನೊಂದು ಸಲ ಎಳೆದ. ಬೆವರು ಕಣ್ಣಿಗಿಳಿಯಿತು. ಹಿಂದೆ ನಿಂತವರು ತಲೆಗೊಂದು ಸಲಹೆ ಕೊಟ್ಟರು. ಒಬ್ಬರು ಓರೆ ಮಾಡು ಎಂದರು, ಇನ್ನೊಬ್ಬರು ಅಲ್ಲಾಡಿಸು ಎಂದರು, ಟೈಪಿಸ್ಟ್ ಸ್ವಲ್ಪ ಹೊತ್ತು ಬಿಸಿಲಿಗಿಡು ಎಂದಳು. ಕೊನೆಗೆ ಮೇಡಂ ಕೈಪಿಡಿ ತೆರೆದು ಮೊದಲ ಸಾಲು ಓದಿದರು.

"ಮೊದಲು ಸ್ವಿಚ್ ಹಾಕಬೇಕಂತೆ."

ಹಳೆಯ ಗರಗಸದ ಸ್ವಿಚ್ ಬಿದ್ದುಹೋಗಿ ಎಂಟು ವರ್ಷವಾಗಿತ್ತು. ಅಂಥದ್ದೊಂದು ಇರುತ್ತದೆ ಎಂಬುದನ್ನೇ ಅಳಿಲಪ್ಪ ಮರೆತಿದ್ದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಸ್ವಿಚ್ ಹಾಕಿ ಎಳೆದದ್ದೇ ತಡ, ಹಸು ಒಂದೇ ಎಳೆತಕ್ಕೆ ಎದ್ದಿತು. ಅಳಿಲಪ್ಪ ಅದನ್ನು ಎತ್ತಿದ, ಓರೆ ಮಾಡಿದ, ಮೇಲಿಂದ ಕೊಯ್ದ, ಕೆಳಗಿಂದ ಕೊಯ್ದ. ಕೈಗೆ ಭಾರವೇ ಇಲ್ಲ. ಅವನ ಮುಖದಲ್ಲಿ ಮದುಮಗನ ಕಳೆ ಬಂತು.

ಕುದುರೆ ಪರವಾಗಿರಲಿಲ್ಲ, ಆದರೆ ಮುಂಗೈ ನಡುಗಿಸುತ್ತಿತ್ತು. ಗೂಳಿಯ ಮಾತೇ ಬೇರೆ. ಸೋಪಿಗೆ ದಾರ ಹಾಕಿ ಕೊಯ್ದಂತೆ ದಿಮ್ಮಿಯನ್ನು ಎರಡು ಮಾಡಿತು. ಆಮೇಲೆ ಅಳಿಲಪ್ಪ ತನ್ನ ಎರಡೂ ಭುಜ ಇದ್ದಲ್ಲೇ ಇವೆಯೇ ಎಂದು ಮುಟ್ಟಿ ನೋಡಿಕೊಂಡ.

ಕೊನೆಯದು ಒದೆತ. ಇಂಜಿನ್ ಆರಿಸಿ, ಹಿಂದಿನ ಹಿಡಿಯನ್ನು ಸಡಿಲವಾಗಿ ಹಿಡಿದು, ಗರಗಸದ ಮೂತಿ ದಿಮ್ಮಿಯ ಮೇಲೆ ಬೀಳುವಂತೆ ಬಿಡಬೇಕು. ಮೂತಿ ತಾಗಿದ ಕ್ಷಣವೇ ಸರಪಳಿಯ ಬ್ರೇಕು ತಾನಾಗಿ ಬೀಳಬೇಕು. ಹಸುವಿನ ಮೂತಿ ತಾಗಿತು, ಬ್ರೇಕು ಟಕ್ ಎಂದಿತು. ಹತ್ತು ಸಲ ಬಿಟ್ಟರೆ ಹತ್ತು ಸಲವೂ ಟಕ್. ಕುದುರೆ ಮೂರು ಸಲಕ್ಕೊಮ್ಮೆ ಮರೆಯಿತು. ಗೂಳಿ ಬ್ರೇಕು ಹಾಕುವುದನ್ನು ತನ್ನ ಘನತೆಗೆ ಕುಂದು ಎಂದು ತಿಳಿದಂತಿತ್ತು.

"ಇದೆಲ್ಲ ಹೆದರುಪುಕ್ಕಲರ ಪರೀಕ್ಷೆ," ಎಂದ ಡ್ರೈವರ್. "ಇಂಜಿನ್ ಆರಿಸಿ ಎಂಥ ಪರೀಕ್ಷೆ? ಕೊಡು ಇಲ್ಲಿ."

"ಬೇಡಣ್ಣ. ಮೂತಿಯ ಮೇಲ್ಭಾಗ ಮರಕ್ಕೆ ತಾಗಿದ್ರೆ ಒದೆಯುತ್ತೆ."

"ನಾನೇನು ನಿನ್ನ ಹಾಗೆ ಅಳಿಲಾ?"

ಅವನು ಗೂಳಿಯನ್ನು ಎಬ್ಬಿಸಿಯೇಬಿಟ್ಟ. ಮೂತಿ ದಿಮ್ಮಿಗೆ ತಾಗಿತು. ಮುಂದಿನದು ಯಾರ ಕಣ್ಣಿಗೂ ಸರಿಯಾಗಿ ಕಾಣಲಿಲ್ಲ. ಗೂಳಿ ಆಕಾಶಕ್ಕೆ ಮುಖ ಎತ್ತಿತು. ಅಷ್ಟರಲ್ಲಿ ಅಳಿಲಪ್ಪ ಹಾರಿ, ಡ್ರೈವರನ ಸೊಂಟದ ಬೆಲ್ಟು ಹಿಡಿದು ಹಿಂದಕ್ಕೆ ಜಗ್ಗಿದ. ಗರಗಸ ಡ್ರೈವರನ ಟೋಪಿಯ ಅಂಚನ್ನು ಕತ್ತರಿಸಿಕೊಂಡು ಅತ್ತ ಹೋಗಿ ಬಿತ್ತು. ಇಬ್ಬರೂ ಇತ್ತ ಮರದ ಹೊಟ್ಟಿನ ರಾಶಿಯಲ್ಲಿ ಮುಳುಗಿದರು.

ಹೊಟ್ಟಿನೊಳಗಿಂದ ಡ್ರೈವರನ ಕ್ಷೀಣ ದನಿ ಬಂತು. "ಹಸು ಸಾಕಪ್ಪ. ಹಸುವೇ ಸಾಕು."

ಚಪ್ಪಾಳೆ ಎಂದರೆ ಅಂಥ ಚಪ್ಪಾಳೆ. ಮೇಡಂ ಎಲ್ಲರೆದುರು ಅಳಿಲಪ್ಪನ ಕೈ ಕುಲುಕಿದರು. ಡ್ರೈವರ್ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಿತ್ತಲನ್ನು ಎರಡು ಸುತ್ತು ಹಾಕಿದ. ಮರವಿಲ್ಲದೆಯೂ ಅಷ್ಟು ಎತ್ತರಕ್ಕೆ ಹೋಗಬಹುದೆಂದು ಅಳಿಲಪ್ಪನಿಗೆ ಅಂದೇ ತಿಳಿದದ್ದು. ಅವನ ಕಣ್ಣು ತುಂಬಿತು. ಹೊಟ್ಟು ಬಿದ್ದಿದೆ ಎಂದು ಉಜ್ಜಿಕೊಂಡ.

ಕೆಳಗಿಳಿದು, ಎದೆಯುಬ್ಬಿಸಿ, ಒಂದೊಂದು ಕಂಪನಿಯ ಮುಂದೆ ಗೂಳಿ, ಕುದುರೆ, ಹಸು ಎಂದು ಬರೆದು, ಒಂದೂ ಚಿತ್ತಿಲ್ಲದಂತೆ ಅಂಕ ತುಂಬಿದ. ಮೇಡಂ ಬೇರೆ ಕಡೆ ಸಭೆಗೆ ಹೊರಟಿದ್ದರು. ಗುಮಾಸ್ತರ ಕಿಟಕಿ ತಟ್ಟಿ, "ಅಳಿಲಪ್ಪ ಏನು ಹೇಳಿದ್ದಾರೋ ಅದನ್ನೇ ಇವತ್ತೇ ತರಿಸಿಬಿಡಿ," ಎಂದು ಹೇಳಿ ಖಾಲಿ ಆದೇಶಪತ್ರಕ್ಕೆ ರುಜು ಹಾಕಿ ಹೋದರು.

ಅಳಿಲಪ್ಪ ಮನೆಗೆ ಫೋನ್ ಮಾಡಿದ. "ಗೆದ್ದೆ ಕಣೇ. ಇನ್ಮೇಲೆ ಒಂದು ಗೀರೂ ಬೀಳಲ್ಲ." ಹೆಂಡತಿ ಮೆತ್ತಗೆ, "ಬೇಗ ಬನ್ನಿ," ಎಂದಳು. ಆ ದನಿಯನ್ನು ಅವನು ಕೇಳಿ ಬಹಳ ವರ್ಷವಾಗಿತ್ತು.

ಸಂಜೆ ಗುಮಾಸ್ತರು ಅವನನ್ನು ಕರೆದರು. ಮೇಜಿನ ಮೇಲೆ ಮೊಹರು ಹಾಕಿದ ಪೆಟ್ಟಿಗೆ ಇತ್ತು. ಹಸುವಿಗೆ ಅಷ್ಟು ದೊಡ್ಡ ಪೆಟ್ಟಿಗೆ ಏಕೆ ಎಂದು ಅಳಿಲಪ್ಪನಿಗೆ ಅನುಮಾನವಾಯಿತು. ಗುಮಾಸ್ತರು ಮುಚ್ಚಳ ತೆಗೆದರು. ಒಳಗೆ ಗೂಳಿ ಮಲಗಿತ್ತು.

"ಇದಲ್ಲ ಸಾರ್. ನಾನು ಹೇಳಿದ್ದು ಹಸು."

"ಹಸುವಾ? ಅದು ಕೊನೇದು," ಎಂದು ಗುಮಾಸ್ತರು ಫಾರ್ಮನ್ನು ಮುಂದಿಟ್ಟರು. "ನಿಮ್ಮ ಕೈಬರಹವೇ ಅಲ್ವಾ? ಹಸು, ಶಕ್ತಿಗೆ ಏಳು, ಹಿಡಿತಕ್ಕೆ ಒಂಬತ್ತು, ಒದೆತಕ್ಕೆ ಒಂದು. ಒಟ್ಟು ಹದಿನೇಳು. ಗೂಳಿ ನೋಡಿ. ಶಕ್ತಿಗೆ ಹತ್ತು, ಹಿಡಿತಕ್ಕೆ ಐದು, ಒದೆತಕ್ಕೆ ಹತ್ತಕ್ಕೆ ಹತ್ತು. ಇಪ್ಪತ್ತೈದು. ಹೆಚ್ಚು ಬಂದಿದ್ದನ್ನ ತರಿಸೋದು."

"ಸಾರ್, ಒದೆತಕ್ಕೆ ಹತ್ತು ಅಂದ್ರೆ ಅದು ಅಷ್ಟು ಒದೆಯುತ್ತೆ ಅಂತ."

"ಒದೆಯೋದ್ರಲ್ಲಿ ಅಷ್ಟು ಚೆನ್ನಾಗಿದೆ ಅಂತ ನೀವೇ ಮೆಚ್ಚಿ ಕೊಟ್ಟಿದೀರಲ್ಲ. ಇಪ್ಪತ್ತು ವರ್ಷದಿಂದ ನೋಡ್ತಿದೀನಿ, ಯಾವುದಕ್ಕೂ ಯಾರೂ ಹತ್ತಕ್ಕೆ ಹತ್ತು ಕೊಟ್ಟಿದ್ದಿಲ್ಲ." ಗುಮಾಸ್ತರು ಗೌರವದಿಂದ ಎದ್ದು ನಿಂತರು. "ಹಾಂ, ಉಳಿದೆರಡನ್ನ ಕಂಪನಿಯವರು ಆಗಲೇ ವಾಪಸ್ ತಗೊಂಡು ಹೋದ್ರು. ಇಲ್ಲೊಂದು ರುಜು ಹಾಕಿ. ಹತ್ತು ವರ್ಷ ಇದು ನಿಮ್ಮದೇ."

ಹೊರಗೆ ಡ್ರೈವರ್ ಇನ್ನೂ ಅವನ ಹೆಸರು ಹೇಳಿ ಜೈಕಾರ ಹಾಕುತ್ತಿದ್ದ. ಅಳಿಲಪ್ಪ ತಲೆಯಾಡಿಸಿದ, ರುಜು ಹಾಕಿದ. ಆಮೇಲೆ ಹೆಲ್ಮೆಟ್ ತೆಗೆದು, ದೀಪದ ಕೆಳಗೆ ಹಿಡಿದು, ಹಳೆಯ ಗೀರಿನ ಪಕ್ಕದಲ್ಲಿ ಇನ್ನೆಷ್ಟು ಜಾಗ ಉಳಿದಿದೆ ಎಂದು ಬೆರಳಿಟ್ಟು ಅಳೆಯತೊಡಗಿದ.