ಬೋಳು ತಲೆಗೆ ಸಿಕ್ಕ ರಜೆ

ಡೆಂಗಿ ಜ್ವರದಿಂದ ಎದ್ದು ಎರಡು ತಿಂಗಳಾದ ಮೇಲೆ ನನ್ನ ಕೂದಲು ಉದುರತೊಡಗಿತು. ದಿಂಬಿನ ಮೇಲೆ, ಟವೆಲಿನ ಮೇಲೆ, ಕಡೆಗೆ ರೊಟ್ಟಿಯ ಮೇಲೂ!

"ರಕ್ತ ತೋರಿಸ್ಕೊಂಡು ಬರ್ರಿ. ಮಾರಿ ಸುಣ್ಣದಂಗ ಆಗ್ಯಾದ. ನಾಕು ಮೆಟ್ಲ ಹತ್ತಿದ್ರ ತೇಕ್ತೀರಿ," ಎಂದಳು ಹೆಂಡತಿ ಸುನಂದಾ.

"ಕೂದ್ಲ ಇರೋದು ತಲಿ ಮ್ಯಾಲ. ರಕ್ತ ಯಾಕ ತೋರಿಸ್ಲಿ?" ಎಂದೆ.

ನಾನು ಭಾಲ್ಕಿಯ ಶಾಲೆಯೊಂದರಲ್ಲಿ ವಿಜ್ಞಾನದ ಮಾಸ್ತರ!

ಭಾನುವಾರ ಬೀದರಿನ ನಮ್ಮ ಓಣಿಯ ಕ್ಷೌರಿಕನ ಮುಂದೆ ಕೂತೆ. "ಒಮ್ಮಿ ನುಣ್ಣಗ ತಗದ್ರ ದಟ್ಟ ಬರ್ತಾವ್ರಿ ಸರ್. ಮೀಸಿ?" ಎಂದ.

"ಅದನ್ನೂ ತಗಿ. ಅದೂ ದಟ್ಟ ಬರ್ಲಿ."

ನಮ್ಮವರಲ್ಲಿ ತಲೆ, ಮೀಸೆ ಎರಡನ್ನೂ ತೆಗೆಸುವುದು ತಂದೆ ತೀರಿಕೊಂಡಾಗ. ಆ ಹೊತ್ತಿಗೆ ಅದು ನನಗೆ ಹೊಳೆಯಲೇ ಇಲ್ಲ.

ಸೋಮವಾರ ಶಾಲೆಯ ಮೆಟ್ಟಿಲು ಹತ್ತಿ, ತೇಕುತ್ತ, ಬಿಳಿಚಿದ ಮುಖದಲ್ಲಿ ಮುಖ್ಯಗುರುಗಳ ಎದುರು ನಿಂತೆ. ಅವರು ನನ್ನ ಕೈ ಹಿಡಿದು ಕೂರಿಸಿದರು.

"ಯಾವಾಗ ಆಯ್ತ್ರಿ?"

"ನಿನ್ನಿ ಮುಂಜಾನಿ ರಿ."

"ಭಾಳ ತ್ರಾಸ ಆಯ್ತೇನು?"

"ಇಲ್ರಿ ಸರ್. ಹತ್ತು ನಿಮಿಷದಾಗ ಮುಗೀತು."

"ಪುಣ್ಯವಂತರು," ಎಂದು ಕಣ್ಣೊರೆಸಿಕೊಂಡರು. "ನೀವು ಸಾಲಿಗಿ ಯಾಕ ಬಂದ್ರಿ? ಮನಿಗಿ ಹೋಗ್ರಿ. ಅರ್ಜಿ ಆಮ್ಯಾಲ ಕೊಡ್ರಿ."

ನನ್ನ ನಿಶ್ಶಕ್ತಿಗೆ ಇಷ್ಟೊಂದು ಮರುಗುವ ಮುಖ್ಯಗುರುಗಳು ಯಾರಿಗುಂಟು! ಸಂತೋಷದಿಂದ ಬೀದರಿನ ಬಸ್ಸು ಹತ್ತಿದೆ.

ಅವತ್ತೇ ಸಂಜೆ ಅವರು ನಾಲ್ವರು ಮಾಸ್ತರರೊಂದಿಗೆ, ಹೂವಿನ ಹಾರ ಹಿಡಿದು, ಔರಾದಿನ ನನ್ನ ತಂದೆಯ ಮನೆಗೆ ಹೋದರು. ಕಟ್ಟೆಯ ಮೇಲೆ ಮುದುಕರೊಬ್ಬರು ಶೇಂಗಾ ಸುಲಿಯುತ್ತಿದ್ದರು.

"ವಿಜ್ಞಾನದ ಮಾಸ್ತರರ ಬಾಬಾ ತೀರ್ಕೊಂಡ ಮನಿ ಇದೇ ಏನ್ರಿ?"

"ಬಾಬಾ ನಾನೇ ರಿ. ಇನ್ನಾ ಸಂಜಿ ಚಾ ಸೈತ ಕುಡದಿಲ್ಲ. ಒಳಗ ಬರ್ರಿ," ಎಂದರಂತೆ ನನ್ನ ತಂದೆ.

ಮರುದಿನ ಮೊದಲ ಬಸ್ಸಿಗೇ ಬಾಬಾ ನಮ್ಮ ಮನೆಗೆ ಬಂದಿಳಿದರು. ಕೈಯಲ್ಲಿ ಅದೇ ಹಾರ.

"ತಗೋ. ನಿಮ್ಮ ಸಾಲಿಯವರು ನನಗ ತಂದಿದ್ರು!"

ತಪ್ಪಾಯಿತೆಂದು ಕಾಲಿಗೆ ಬೀಳಲು ಬಗ್ಗಿದೆ. ಕಣ್ಣಿಗೆ ಕತ್ತಲೆ ಬಂದು ನಿಜವಾಗಿಯೇ ಬಿದ್ದೆ.

"ನಾಟಕ ಸಾಕು, ಏಳು," ಎಂದರು ಬಾಬಾ. ನಾನು ಏಳಲಿಲ್ಲ. ಅವರು ಬಗ್ಗಿ ನನ್ನ ಭುಜ ಅಲುಗಿಸಿದರು. "ಸುನಂದಾ, ಆಟೋ ಕರಿ!"

ಆಸ್ಪತ್ರೆಯವರೆಗೂ ಬಾಬಾ ನನ್ನ ಕೈ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. ಡಾಕ್ಟರು ಚೀಟಿ ಬರೆಯುತ್ತ ಹೇಳಿದರು: "ಜ್ವರಕ್ಕ ಉದುರಿದ ಕೂದ್ಲ ತಾವೇ ಬರ್ತಾವ. ರಕ್ತ ತಾನೇ ಬರಂಗಿಲ್ಲ, ಗುಳಗಿ ನುಂಗ್ರಿ. ಅಲ್ಲಾ, ತಲಿ ಬೋಳಸ್ಕೋರಿ ಅಂತ ಯಾರು ಹೇಳಿದ್ರು?"

ಬಾಬಾ ನಗು ತಡೆಯುತ್ತ ಗೋಡೆ ನೋಡಿದರು. ಸುನಂದಾ ನನ್ನನ್ನು ನೋಡಿದಳು.

ವಾರದ ಮೇಲೆ ರಜೆ ಅರ್ಜಿ ಬರೆಯಲು ಕೂತೆ. ಕಾರಣದ ಜಾಗದಲ್ಲಿ ಪೆನ್ನು ನಿಂತುಬಿಟ್ಟಿತು.

"ರಕ್ತ ಕಮ್ಮಿ ಆಗಿತ್ತು ಅಂತ ಬರೀಲೇನು?" ಎಂದು ಕೇಳಿದೆ.

ಪಾಲಕ್ ಸೊಪ್ಪು ಸೋಸುತ್ತಿದ್ದ ಸುನಂದಾ ತಲೆ ಎತ್ತಲಿಲ್ಲ.

"ರಕ್ತ ಒಂದೇ ಕಮ್ಮಿ ಇತ್ತೇನ್ರಿ?"