ನನ್ನ ಥೈರಾಯ್ಡಿನ ಮುಷ್ಕರ

ಮನುಷ್ಯ ಶರೀರದ ಗ್ರಂಥಿಗಳ ವಿಷಯದಲ್ಲಿ ಇಡೀ ಕಲ್ಕತ್ತೆಯಲ್ಲಿ ನನ್ನನ್ನು ಮೀರಿಸುವವರಿಲ್ಲವೆಂದು ನಾನು ನಂಬಿದ್ದ ಕಾಲವೊಂದಿತ್ತು. ನಂಬಲು ಕಾರಣವೂ ಇತ್ತು. ಉಡುಪಿ ಕಡೆಯಿಂದ ಬಂದು ಇಲ್ಲಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟರಾಗಿದ್ದೆ. ಯಾವ ಗ್ರಂಥಿ ಯಾವ ಹಾರ್ಮೋನು ಸುರಿಸುತ್ತದೆ, ಹೆಚ್ಚಾದರೆ ಏನು, ಕಡಿಮೆಯಾದರೆ ಏನು ಎಂದು ಕೇಳಿದರೆ ಸಾಕು, ನಲ್ಲಿ ತಿರುಗಿಸಿದ ಹಾಗೆ!

ಒಂದು ಚಳಿಗಾಲದಲ್ಲಿ ನನಗೆ ವಿಪರೀತ ಚಳಿಯಾಗತೊಡಗಿತು. ಕಲ್ಕತ್ತೆಯಲ್ಲಿ ಇದನ್ನು ಯಾರೂ ಗಮನಿಸುವುದಿಲ್ಲ. ಡಿಸೆಂಬರಿನಲ್ಲಿ ಇಡೀ ಊರೇ ಮಂಕಿ ಕ್ಯಾಪಿನೊಳಗೆ ಹೊಕ್ಕಿರುತ್ತದೆ. ಆದರೆ ಊರವರೆಲ್ಲ ಟೋಪಿ ತೆಗೆದು ಪೆಟ್ಟಿಗೆಗೆ ಹಾಕಿದ ಮೇಲೂ ನಾನು ತೆಗೆಯಲಿಲ್ಲ. ಏಪ್ರಿಲ್ ಬಂತು. ಮುಖ ಊದಿತು. ಸ್ವರ ಗೊಗ್ಗರಾಯಿತು. ಕುಳಿತಲ್ಲೇ ನಿದ್ದೆ!

"ಎಂತ ಮಾರಾಯ್ರೇ ಇದು? ನಾನಿಲ್ಲಿ ಬೆವರಿ ನೀರಾಗ್ತಾ ಇದ್ದೇನೆ. ಫ್ಯಾನ್ ಹಾಕ್ಲಿಕ್ಕಾದ್ರೂ ಬಿಡಿ!" ಎಂದಳು ಹೆಂಡತಿ ಸುಮತಿ.

"ಸಾಧ್ಯವೇ ಇಲ್ಲ!" ಎಂದೆ, ಕಂಬಳಿಯೊಳಗಿಂದ.

"ಕೆಳಗಿನ ಮನೆ ಡಾಕ್ಟರ್‌ಬಾಬುವಿಗೆ ಒಮ್ಮೆ ತೋರಿಸುವ."

"ಗ್ರಂಥಿಗಳ ಪಾಠ ಮಾಡುವವನು ನಾನು, ತೋರಿಸುವುದು ಅವರಿಗಾ? ಇದು ಅಡ್ರಿನಲಿನ್ ಎಂಬ ಆವೇಶದ ಹಾರ್ಮೋನಿನ ಕೊರತೆ. ಮೈಗೆ ಸ್ವಲ್ಪ ಆವೇಶ ಬಂದರೆ ತಾನಾಗಿ ಸರಿಹೋಗುತ್ತದೆ!"

ಆವೇಶಕ್ಕೆ ಕಲ್ಕತ್ತೆಯಲ್ಲಿ ಬರವೇ? ಎಡಪಂಥೀಯರ ಸರಕಾರ. ಆಳುವವರದೂ ಮೆರವಣಿಗೆ, ಅವರನ್ನು ಬೈಯುವವರದೂ ಮೆರವಣಿಗೆ. ಮರುದಿನ ಕಾಲೇಜು ಮುಗಿಸಿ ಹೊರಟಾಗ ಒಂದು ಎದುರಿಗೇ ಬಂತು. ಹಿಂದುಮುಂದು ನೋಡದೆ ನುಗ್ಗಿದೆ. ಯಾರೋ ಕೈಗೆ ಬಾವುಟ ಕೊಟ್ಟರು. ಮುಂದಿದ್ದವರು ಏನೋ ಕೂಗಿದರು. "ಚೋಲ್‌ಬೆ ನಾ! ಚೋಲ್‌ಬೆ ನಾ!" ಎಂದು ನಾನೂ ಕೂಗಿದೆ. ನಡೆಯೋದಿಲ್ಲ ಎಂದರ್ಥ. ನನಗೆ ತಪ್ಪಿಲ್ಲದೆ ಬರುತ್ತಿದ್ದ ಬಂಗಾಳಿ ಅದೊಂದೇ.

ಪಕ್ಕದ ಹುಡುಗಿ ಕಣ್ಣರಳಿಸಿದಳು. ನನ್ನ ತರಗತಿಯ ಮಿತಾಲಿ!

"ಸ್ಯಾರ್, ನೀವೂ ನಮ್ಮ ಕಡೆಯಾ?"

"ಅನ್ಯಾಯ ಕಂಡರೆ ಸುಮ್ಮನಿರುವವನಲ್ಲ ನಾನು! ಅಂದ ಹಾಗೆ, ಏನು ಅನ್ಯಾಯ?"

"ಕ್ಲಾಸಿನಲ್ಲಿ ನಿದ್ದೆ ಮಾಡುವ ಮೇಷ್ಟರುಗಳು, ಸ್ಯಾರ್."

"ಚೋಲ್‌ಬೆ ನಾ!" ಎಂದೆ.

ಮೆಲ್ಲಗೆ ಹಿಂದೆ ಸರಿದೆ. ಮೆರವಣಿಗೆಯಿಂದಾಗಿ ಟ್ರಾಮೊಂದು ನಡುರಸ್ತೆಯಲ್ಲಿ ನಿಂತಿತ್ತು. ಹತ್ತಿ ಕುಳಿತೆ. ಒಂದೇ ಒಂದು ನಿಮಿಷವೆಂದು ಕಣ್ಣು ಮುಚ್ಚಿದೆ.

"ದಾದಾ, ಕ್ರಾಂತಿ ಮುಗಿಯಿತು. ಇಳಿಯಿರಿ!"

ಕಂಡಕ್ಟರ್ ಭುಜ ಅಲುಗಿಸುತ್ತಿದ್ದ. ನನ್ನ ಮನೆ ಸಿಯಾಲ್ದಾ ಹತ್ತಿರ. ಎಚ್ಚರವಾದದ್ದು ಊರಿನ ದಕ್ಷಿಣ ತುದಿಯ ಟಾಲಿಗಂಜ್ ಡಿಪೋದಲ್ಲಿ, ಬಾವುಟವನ್ನು ಕೂಸಿನ ಹಾಗೆ ತಬ್ಬಿಕೊಂಡು!

ಮನೆ ಮುಟ್ಟುವಾಗ ಕತ್ತಲಾಗಿತ್ತು. ಮೆಟ್ಟಿಲ ತುಂಬ ನೆರೆಹೊರೆಯವರು, ನಡುವೆ ಸುಮತಿ, ಪಕ್ಕದಲ್ಲಿ ಡಾಕ್ಟರ್‌ಬಾಬು.

"ಪೊಲೀಸ್ರು ಹಿಡ್ಕೊಂಡು ಹೋದ್ರು ಅಂತ ಗ್ರಹಿಸಿದೆ ಮಾರಾಯ್ರೇ!" ಎಂದು ಅತ್ತೇಬಿಟ್ಟಳು. ಬೈದಿದ್ದರೆ ವಾದ ಮಾಡಬಹುದಿತ್ತು. ಅಳುವವಳ ಮುಂದೆ ಏನು ಮಾಡಲಿ?

"ನನಗೇನೂ ಆಗಿಲ್ಲ!" ಎಂದು ಎಲ್ಲರಿಗೂ ಸಾರಿದೆ.

ಡಾಕ್ಟರ್‌ಬಾಬು ನನ್ನ ಮುಖವನ್ನೇ ನೋಡಿದರು. "ಪ್ರೊಫೆಸರ್, ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ಏನಾಗುತ್ತದೆ?"

"ನನಗೇ ಪರೀಕ್ಷೆಯೇ? ಕೇಳಿ! ಚಳಿ ತಡೆಯಲಾಗುವುದಿಲ್ಲ. ಮುಖ ಊದುತ್ತದೆ. ಸ್ವರ ಗೊಗ್ಗರಾಗುತ್ತದೆ. ಹೊತ್ತುಗೊತ್ತಿಲ್ಲದ ನಿದ್ದೆ. ಬುದ್ಧಿ ಮಂದ..."

ಅಲ್ಲಿಗೆ ನಿಂತೆ. ನನ್ನ ಸ್ವರ ನನಗೇ ಕೇಳಿಸಿತ್ತು.

"ಕೊನೆಯದು ಮದುವೆಯಾದಾಗಿನಿಂದಲೂ ಇದೆ ಡಾಕ್ಟರೇ," ಎಂದಳು ಸುಮತಿ ಕಣ್ಣೊರಸಿಕೊಂಡು. ಎಲ್ಲರಿಗೂ ತಿಳಿಯಲೆಂದು ಹಿಂದಿಯಲ್ಲೇ ಹೇಳಿದಳು!

ನಾನು ಸೋಲಲಿಲ್ಲ. "ಪುಸ್ತಕದಲ್ಲಿ ಈ ಕಾಯಿಲೆಗೆ ಕೊಟ್ಟ ಚಿತ್ರದಲ್ಲಿ ಇರುವುದು ಹೆಂಗಸು! ಗಂಡಸಿಗೂ ಬರುತ್ತದೆಂದು ಚಿತ್ರ ನೋಡಿ ಹೇಗೆ ತಿಳಿಯಬೇಕು?"

ರಕ್ತಪರೀಕ್ಷೆ ಚಿತ್ರಕ್ಕೆ ಬೆಲೆ ಕೊಡಲಿಲ್ಲ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ. ದುರ್ಗಾಪೂಜೆಯ ಹೊತ್ತಿಗೆ ಫ್ಯಾನ್ ಹಾಕೆಂದು ನಾನೇ ಕೂಗುವಂತಾದೆ.

ಹೊಸ ಮನುಷ್ಯನಾಗಿ ತರಗತಿಗೆ ಹೋಗಿ, ಪರೀಕ್ಷೆಗೆ ಮೊದಲೊಮ್ಮೆ ಮೆಲುಕು ಹಾಕಲೆಂದು ಥೈರಾಯ್ಡ್ ಕೊರತೆಯ ಲಕ್ಷಣಗಳನ್ನು ಕೇಳಿದೆ. ಮಿತಾಲಿ ಎದ್ದು ಒಂದನ್ನೂ ಬಿಡದೆ ಒಪ್ಪಿಸಿದಳು. ಪುಸ್ತಕ ನೋಡಲಿಲ್ಲ. ನನ್ನನ್ನು ನೋಡಿಕೊಂಡೇ ಹೇಳಿದಳು!

"ಇಷ್ಟೆಲ್ಲ ಗೊತ್ತಿದ್ದೂ ಅವತ್ತು ನನಗೇಕೆ ಹೇಳಲಿಲ್ಲ?"

"ಆ ಬೇಸಗೆಯಲ್ಲಿ ಟೋಪಿ ಹಾಕಿಕೊಂಡೇ ಈ ಪಾಠ ಮಾಡಿದಿರಲ್ಲ, ಸ್ಯಾರ್. ಅದು ಪ್ರಾಕ್ಟಿಕಲ್ ಅಂದುಕೊಂಡೆವು."

"ಪ್ರಾಕ್ಟಿಕಲ್ಲೇ!" ಎಂದು ಮೇಜು ಗುದ್ದಿದೆ. "ಎಲ್ಲರೂ ಬರೆದುಕೊಳ್ಳಿ!"

ಬರೆದುಕೊಂಡರು, ನಗುತ್ತ. ಅದೇನು ಬರೆದುಕೊಂಡರೋ! ಇಣುಕಿ ನೋಡುವಷ್ಟು ಅಡ್ರಿನಲಿನ್ ನನ್ನಲ್ಲಿರಲಿಲ್ಲ.